ಮನಸ್ಸು ನಿಂತಿದೆ ಸಾರ್

ಮನುಷ್ಯ ಬದುಕಿದ್ದಾನೋ ಇಲ್ಲವೋ ಅಂತ ತೀರ್ಮಾನ ಮಾಡೋ ಅಧಿಕಾರ ಆ ಏಳಂತಸ್ತಿನ ಕಟ್ಟಡದಲ್ಲಿ ನಿವಾಸಿಗಳ ಸಂಘಕ್ಕೆ ಮಾತ್ರ ಇತ್ತು. ಡಾಕ್ಟರು ಹೇಳಿದ್ರೆ ನಡೀತಿರಲಿಲ್ಲ, ಕಟ್ಕೊಂಡ ಹೆಂಡತಿ ಹೇಳಿದ್ರೂ ನಡೀತಿರಲಿಲ್ಲ. ಸಭೆ ಸೇರಬೇಕು, ಒಬ್ಬ ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಆಮೇಲೆ ಮನುಷ್ಯ ಧೈರ್ಯವಾಗಿ ಉಸಿರಾಡಬಹುದು. ದೊಡ್ಡ ದೊಡ್ಡ ಓದು ಓದಿದೋರಿಗೆ ಇದು ಗೊತ್ತಿರೋದಿಲ್ಲ. ಅದಕ್ಕೇ ಬಾಯಿ ಬಿಟ್ಟು ಹೇಳಬೇಕಾಗಿದೆ.

ಆ ಕಟ್ಟಡದ ಐದನೇ ಅಂತಸ್ತಲ್ಲಿ ಲಿಫ್ಟ್ ಮೇಸ್ತ್ರಿ ಇದ್ದ. ಊರಿನ ಅರ್ಧ ಜನ ಮೇಲೆ ಹತ್ತಿ ಕೆಳಗೆ ಇಳೀತಿದ್ದದ್ದು ಅವನ ಕೈಚಳಕದಿಂದ. ಕೆಲಸದಲ್ಲಿ ಅಂಥ ನಿಯತ್ತಿನ ಮನುಷ್ಯ ಸಿಗೋದು ಕಷ್ಟ. ಸ್ವಂತ ಅಪ್ಪ ನಿಂತಿದ್ರೂ ಬಾಗಿಲು ಸರಿಯಾಗಿ ಮುಚ್ಚದ ಲಿಫ್ಟಿಗೆ ಕರೆಂಟ್ ಕೊಡ್ತಿರಲಿಲ್ಲ. ಕೆಲಸ ಕಲಿಯೋಕೆ ಸೇರಿದ ಹೊಸದರಲ್ಲಿ ಒಂದು ದಿನ ಲಿಫ್ಟಿನ ನೆತ್ತಿ ಮೇಲೆ ನಿಂತ್ಕೊಂಡು ಆ ಕತ್ತಲ ಬಾವಿಯೊಳಗೆ ಇಳಿಯೋವಾಗ ಅವನಿಗೆ ಜೀವಭಯ ಹತ್ತಿತ್ತು. ಕಲಿಸೋ ಹಿರಿಯ ಮೇಸ್ತ್ರಿ, "ಕೆಳಗೆ ನೋಡಬೇಡ್ವೋ, ಇದನ್ನ ಅಂದ್ಕೋತಾ ಇರು" ಅಂತ ಒಂದು ಪುಟ್ಟ ಮಂತ್ರ ಕಿವೀಲಿ ಹೇಳಿದ. ವರ್ಷಗಳು ಉರುಳಿದ್ವು. ಭಯ ಹೋಯ್ತು, ಮಂತ್ರ ಉಳೀತು.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ತಾರಸಿಗೆ ಹೋಗೋನು. ನೀರಿನ ಟ್ಯಾಂಕಿನ ಹಿಂದೆ ಚಾಪೆ ಹಾಸೋನು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಆ ಮಂತ್ರ ಶುರು ಮಾಡಿದ್ರೆ ಸಾಕು, ಒಳಗಿನ ಲಿಫ್ಟ್ ಒಂದೊಂದೇ ಅಂತಸ್ತು ಇಳಿಯೋದು. ಮೊದಲು ಬೀದಿ ಸದ್ದು ಹೋಗೋದು. ಆಮೇಲೆ ಮೊಣಕಾಲ ನೋವು. ಆಮೇಲೆ ಭಾವಮೈದನ ಚಿಂತೆ. ಕೊನೆಗೆ ಮಂತ್ರವೂ ಎಲ್ಲೋ ಮೇಲಿನ ಅಂತಸ್ತಲ್ಲಿ ಇಳ್ಕೊಂಡು, ಇವನೊಬ್ಬನೇ ನೆಲಮಾಳಿಗೆಗೆ ಹೋಗಿ ನಿಲ್ಲೋನು. ಅಲ್ಲಿ ಏನಿದೆ ಅಂತ ಕೇಳಿದ್ರೆ, "ಏನೂ ಇಲ್ಲ, ಅದೇ ಚೆನ್ನಾಗಿದೆ" ಅನ್ನೋನು. ಮನೇಲಿ ಇದು ಸಾಧ್ಯ ಇರಲಿಲ್ಲ. ಒಂದು ಕಡೆ ಅತ್ತೆಯ ರೇಡಿಯೋ, ಇನ್ನೊಂದು ಕಡೆ ಹೆಂಡತಿಯ ಮಿಕ್ಸಿ, ನಡುವೆ ಕೆಲಸ ಹುಡುಕ್ತಿರೋ ಭಾವಮೈದ ಫೋನಲ್ಲಿ ಕೆಲಸ ಇರೋರಿಗೆಲ್ಲ ಬುದ್ಧಿ ಹೇಳ್ತಿದ್ದ. ತಾರಸಿ ಒಂದೇ ಗತಿ.

ಒಂದು ಬೆಳಿಗ್ಗೆ ಮೂರನೇ ಅಂತಸ್ತಿನ ಅಜ್ಜಿ ಬೆಡ್‌ಶೀಟ್ ಒಣಗಿಸೋಕೆ ತಾರಸಿಗೆ ಬಂತು. "ಏನಪ್ಪಾ, ಈ ಹಗ್ಗದ ತುದಿ ಸ್ವಲ್ಪ ಹಿಡ್ಕೋ" ಅಂತು. ಮೇಸ್ತ್ರಿ ನೆಲಮಾಳಿಗೇಲಿದ್ದ. ಅಜ್ಜಿ ಮತ್ತೆ ಕರೀತು, ಹತ್ರ ಬಂದು ಭುಜ ತಟ್ಟಿತು. ಇವನು ಅಲ್ಲಾಡಲಿಲ್ಲ. ಲೋಕ ಕಂಡ ಅಜ್ಜಿ ಅದು, ಕೂಗಾಡಲಿಲ್ಲ. ಕೈಯಲ್ಲಿದ್ದ ಒದ್ದೆ ಬೆಡ್‌ಶೀಟನ್ನ ಮರ್ಯಾದೆಯಾಗಿ ಅವನ ತಲೆಯಿಂದ ಕಾಲಿನವರೆಗೆ ಹೊದಿಸಿ, ಮೆಲ್ಲಗೆ ಕೆಳಗಿಳಿದು ಹೋಗಿ ವಿಷಯ ತಿಳಿಸಿತು. ಸಂಘದವರು ಮುಖ ಸಪ್ಪಗೆ ಮಾಡ್ಕೊಂಡು ಮೇಲೆ ಬರೋ ಹೊತ್ತಿಗೆ ಮೇಸ್ತ್ರಿ ಎದ್ದು ನಿಂತು ಬೆಡ್‌ಶೀಟ್ ಹಿಂಡ್ತಿದ್ದ. "ಇದು ಯಾರದ್ದು?" ಅಂತ ಕೇಳಿದ.

ಅವತ್ತು ಸಂಜೇನೇ ತುರ್ತು ಸಭೆ. ವಿಷಯ, ಲಿಫ್ಟ್ ಮೇಸ್ತ್ರಿ ಬದುಕಿದ್ದಾನೆಯೇ ಹೇಗೆ.

"ಸ್ವಾಮಿ, ನಾನು ಇಲ್ಲೇ ಕೂತಿದ್ದೀನಲ್ಲ" ಅಂದ ಮೇಸ್ತ್ರಿ.

"ಬೆಳಿಗ್ಗೇನೂ ಕೂತೇ ಇದ್ರಿ" ಅಂದ ಸಂಘದ ಕಾರ್ಯದರ್ಶಿ. "ಕೂತಿರೋದು ಸಾಕ್ಷಿ ಆಗಲ್ಲ."

"ಈಗ ಮಾತಾಡ್ತಿದ್ದೀನಿ."

"ಆಗ ಆಡಲಿಲ್ಲವಲ್ಲ. ಅಜ್ಜಿ ಎಷ್ಟು ಕರೀತು? ಗಾಬರಿಗೆ ಅದರ ಎದೆ ನಿಂತು ಹೋಗಿದ್ರೆ ಯಾರು ಹೊಣೆ? ಬದುಕಿರೋರು ಸತ್ತೋರ ಥರ ಕೂತ್ರೆ, ಸತ್ತೋರು ಏನು ಮಾಡಬೇಕು ಹೇಳಿ."

ಕೊನೆಗೆ ಕೈ ಎತ್ತಿಸಿ ಎಣಿಸಿದ್ರು. ಮೇಸ್ತ್ರಿ ಬದುಕಿದ್ದಾನೆ ಅಂತ ಬಹುಮತದಿಂದ ತೀರ್ಮಾನ ಆಯ್ತು. ಅಜ್ಜಿ ಮಾತ್ರ ತಟಸ್ಥವಾಗಿತ್ತು. ಮಾರನೇ ದಿನ ಲಿಫ್ಟಿನ ಪಕ್ಕ ಪ್ರಕಟಣೆ ಅಂಟಿಸಿದ್ರು.

"ಈ ಮೂಲಕ ಸಮಸ್ತ ಜೀವಂತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ, ಇನ್ನು ಮುಂದೆ ಯಾರೊಬ್ಬರೂ ತಾರಸಿಯ ಮೇಲೆ ಕಣ್ಣು ಮುಚ್ಚಿ ಅಲುಗಾಡದೆ ಕೂರತಕ್ಕದ್ದಲ್ಲ. ಅನಿವಾರ್ಯವಾಗಿ ಕೂರಲೇಬೇಕಾದಲ್ಲಿ, ಪ್ರಮಾಣಪತ್ರ ಪಡೆದ ಯೋಗ ಶಿಕ್ಷಕರ ಸಮ್ಮುಖದಲ್ಲಿ ಮಾತ್ರ ಕೂರತಕ್ಕದ್ದು. ಸದರಿ ಶಿಕ್ಷಕರು ಸದರಿ ವ್ಯಕ್ತಿಯು ಇದ್ದಾನೆಂದು ಆಗಾಗ ಖಚಿತಪಡಿಸತಕ್ಕದ್ದು."

ತಾರಸಿ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಕಾರ್ಯದರ್ಶಿಯ ಸೊಂಟ ಸೇರಿತು.

ಕೆಲವು ದಿನ ಮೇಸ್ತ್ರಿ ಬಚ್ಚಲಲ್ಲಿ ಕೂತು ನೋಡಿದ. ಒಳಗಿನ ಲಿಫ್ಟ್ ಒಂದು ಅಂತಸ್ತು ಇಳಿಯೋಷ್ಟರಲ್ಲಿ ಯಾರಾದ್ರೂ ಬಾಗಿಲು ಬಡಿಯೋರು. ರಾತ್ರಿ ನಿದ್ದೆ ಕೆಟ್ಟಿತು, ಹಗಲು ಸಿಡುಕು ಹತ್ತಿತು. ಒಂದು ದಿನ ಆಸ್ಪತ್ರೆಯ ಲಿಫ್ಟಿಗೆ ಮೇಲೆ ಹೋಗೋ ತಂತಿಯನ್ನ ಕೆಳಗೆ ಹೋಗೋ ಗುಂಡಿಗೆ ಸೇರಿಸಿಬಿಟ್ಟ. ಹೆಂಡತಿಗೆ ಗಾಬರಿ ಆಯ್ತು.

"ನಿಮಗೆ ಆ ಕೂರೋದಿಲ್ಲದೆ ಆಗಲ್ಲ ಕಣ್ರೀ. ಯಾರಾದ್ರೂ ಶಿಕ್ಷಕರನ್ನ ಗೊತ್ತು ಮಾಡ್ಕೊಳ್ಳಿ."

"ಪಕ್ಕದಲ್ಲಿ ಒಬ್ಬ ನಿಂತ್ಕೊಂಡು ಕಾಯ್ತಿದ್ರೆ ನಂಗೆ ಇಳಿಯೋಕಾಗುತ್ತೇನೇ?"

ಅಲ್ಲೇ ಕಾಲು ಚಾಚ್ಕೊಂಡಿದ್ದ ಭಾವಮೈದ ಫೋನಿಂದ ಕಣ್ಣೆತ್ತದೆ ಅಂದ, "ಭಾವ, ನೀವೇ ಶಿಕ್ಷಕರಾಗಿಬಿಡಿ. ಆಗ ನೀವೆಲ್ಲಿ ಕೂತರೂ ಶಿಕ್ಷಕರ ಸಮ್ಮುಖದಲ್ಲೇ ಕೂತ ಹಾಗಾಯ್ತಲ್ಲ."

ಹುಟ್ಟಿದಾಗಿನಿಂದ ಆ ಹೈದ ಆಡಿದ ಒಂದೇ ತೂಕದ ಮಾತು ಅದು. ಅವನ ಅಕ್ಕನಿಗೆ ಕಣ್ಣಲ್ಲಿ ನೀರು ಬಂತು.

ಟೈರ್ ಅಂಗಡಿಯ ಮಹಡಿ ಮೇಲೆ ಯೋಗ ಶಿಕ್ಷಕರ ತರಬೇತಿ ಸಂಸ್ಥೆ ಇತ್ತು. ಅದರ ನಿರ್ದೇಶಕರು ಮುಂಚೆ ಕಾವಲುಗಾರರನ್ನ ಒದಗಿಸೋ ಏಜೆನ್ಸಿ ನಡೆಸ್ತಿದ್ದೋರು. ಊರಲ್ಲಿ ಕಳ್ಳತನ ಕಡಿಮೆಯಾಗಿ, ಮನಸ್ಸಿನ ತಾಪತ್ರಯ ಜಾಸ್ತಿಯಾದ್ದರಿಂದ ಈ ಕಡೆ ತಿರುಗಿದ್ರು. ಹಳೇ ಸಮವಸ್ತ್ರಗಳನ್ನೇ ಕಾವಿ ಬಣ್ಣದಲ್ಲಿ ಅದ್ದಿಸಿದ್ರು. ಭುಜದ ಪಟ್ಟಿ, ಎದೆಯ ಜೇಬು, ಜೇಬಲ್ಲಿ ಸೀಟಿ ಎಲ್ಲಾ ಹಾಗೇ ಉಳಿದಿತ್ತು. ಸಂಸ್ಥೆಯ ಶಿಸ್ತು ಅಂದ್ರೆ ಶಿಸ್ತು. ಶವಾಸನದಲ್ಲಿ ಮಲಗಿದ್ರೂ ನಿರ್ದೇಶಕರು ಪಕ್ಕದಲ್ಲಿ ಹಾದು ಹೋದ್ರೆ ಹೆಣ ಕೈಯೆತ್ತಿ ಸಲಾಮು ಹೊಡೀಬೇಕು, ಮತ್ತೆ ಹೆಣ ಆಗಬೇಕು.

ಮೊದಲ ದಿನ ನಿರ್ದೇಶಕರು ನಿಂತ್ಕೊಂಡು ನಿಯಮ ಓದಿದ್ರು.

"ಧ್ಯಾನವು ಅತ್ಯಂತ ಜವಾಬ್ದಾರಿಯುತ ಕರ್ತವ್ಯವಾಗಿದೆ. ಆದ್ದರಿಂದ ಮೇಲ್ವಿಚಾರಕರು ಕಾಲಕಾಲಕ್ಕೆ ಸಾಧಕರ ನಡುವೆ ಸಂಚರಿಸಿ 'ಮನಸ್ಸು ನಿಂತಿದೆಯೇ' ಎಂದು ವಿಚಾರಿಸತಕ್ಕದ್ದು. ಸಾಧಕರು ತಡಮಾಡದೆ, ಸ್ಪಷ್ಟವಾದ ದನಿಯಲ್ಲಿ, 'ನಿಂತಿದೆ ಸಾರ್' ಎಂದು ಉತ್ತರಿಸತಕ್ಕದ್ದು. ಉತ್ತರಿಸದ ಸಾಧಕರನ್ನು ಧ್ಯಾನಕ್ಕೆ ಗೈರುಹಾಜರೆಂದು ಪರಿಗಣಿಸಲಾಗುವುದು."

ಎಲ್ಲರೂ ತಲೆ ಆಡಿಸಿದ್ರು. ಕಾವಲುಗಾರ ನಿದ್ದೆ ಹೋಗಿದ್ದಾನಾ ಎಚ್ಚರ ಇದ್ದಾನಾ ಅಂತ ಗೊತ್ತಾಗೋದು ಕೂಗಿ ಕೇಳಿದ್ರೆ ತಾನೆ? ಸಾಧಕನಿಗೇನು ಕೊಂಬಿದೆಯಾ?

ಸೀಟಿ ಊದಿದ್ರು, ಧ್ಯಾನ ಶುರು ಆಯ್ತು. ಎಷ್ಟೋ ದಿನದ ಮೇಲೆ ನೆಟ್ಟಗೆ ಕೂರೋಕೆ ಜಾಗ ಸಿಕ್ಕ ಮೇಸ್ತ್ರಿ ಮಂತ್ರ ಹಿಡಿದ. ಹಸಿದೋನು ಅನ್ನ ಕಂಡ ಹಾಗೆ ಒಂದೇ ಉಸಿರಿಗೆ ನೆಲಮಾಳಿಗೆಗೆ ಇಳಿದುಬಿಟ್ಟ. ಕಣ್ಣು ಬಿಟ್ಟಾಗ ಮುಖದಲ್ಲಿ ಕಳೆ ಬಂದಿತ್ತು. ಗೋಡೆಯ ಕಪ್ಪು ಹಲಗೆ ಮೇಲೆ ಅವನ ಹೆಸರಿನ ಮುಂದೆ ಗೈರು ಅಂತ ಸೀಮೆಸುಣ್ಣದಲ್ಲಿ ಬರೆದಿತ್ತು.

"ಸಾರ್, ನಾನು ಬಂದಿದ್ದೆ" ಅಂದ.

"ಬಂದಿದ್ರಿ. ಕೇಳಿದಾಗ ಉತ್ತರ ಬರಲಿಲ್ಲ" ಅಂದ ಮೇಲ್ವಿಚಾರಕ.

"ನಾನು ಇಲ್ಲೇ ಕೂತಿದ್ದು ನಿಮ್ಮ ಕಣ್ಣಿಗೆ ಕಾಣಲಿಲ್ವಾ?"

ಮೇಲ್ವಿಚಾರಕನಿಗೆ ನೋವಾಯ್ತು. "ದೇಹ ಕಾಣಿಸ್ತು. ಇದು ಅಧ್ಯಾತ್ಮದ ಸಂಸ್ಥೆ ಕಣ್ರೀ. ನಾವು ದೇಹಕ್ಕೆಲ್ಲ ಹಾಜರಿ ಹಾಕೋದಿಲ್ಲ."

"ಮನಸ್ಸು ನಿಂತಿತ್ತು ಸಾರ್. ಅದಕ್ಕೇ ಉತ್ತರ ಬರಲಿಲ್ಲ."

"ನಿಂತಿದ್ರೆ ನಿಂತಿದೆ ಅಂತ ಹೇಳೋಕೇನು ಕಷ್ಟ? ಉಳಿದೋರೆಲ್ಲ ಹೇಳ್ತಿಲ್ವಾ?"

ಹೌದು, ಹೇಳ್ತಿದ್ರು. ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಗಟ್ಟಿಯಾಗಿ ಹೇಳ್ತಿದ್ದದ್ದು ಒಬ್ಬ ಹಳೇ ಕಾವಲುಗಾರ. ನಿರ್ದೇಶಕರ ಏಜೆನ್ಸೀಲೇ ದುಡಿದು ತಲೆ ನೆರೆತೋನು. ಆ ಮನುಷ್ಯ ಗೋಡೆಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೀತಾ ಮಲಗೋನು. "ಮನಸ್ಸು ನಿಂತಿದೆಯೇ" ಅಂದ ತಕ್ಷಣ ಗೊರಕೆಯ ನಡುವೇನೇ "ನಿಂತಿದೆ ಸಾರ್" ಅಂದು, ಗೊರಕೆಯನ್ನ ಬಿಟ್ಟ ಜಾಗದಿಂದಲೇ ಮುಂದುವರಿಸೋನು. ಬ್ಯಾಂಕಿನ ಬಾಗಿಲಲ್ಲಿ ಜೀವಮಾನವಿಡೀ ಮಾಡಿದ ಸಾಧನೆ ಅದು, ಸುಮ್ಮನೆ ಬರೋದಲ್ಲ. "ನೋಡಿ ಕಲೀರಿ" ಅಂತ ನಿರ್ದೇಶಕರು ಎಲ್ಲರಿಗೂ ತೋರಿಸೋರು. ಎಲ್ಲರೂ ಅವನು ಮಲಗಿದ್ದನ್ನ ಭಕ್ತಿಯಿಂದ ನೋಡೋರು.

ಮೇಸ್ತ್ರಿಯ ಗೈರು ಮುಂದುವರೀತು. ದಿನಾ ಎಲ್ಲರಿಗಿಂತ ಮುಂಚೆ ಬರೋನು, ದಿನಾ ಗೈರಾಗೋನು. ಕೊನೆಗೆ ನಿರ್ದೇಶಕರೇ ಒಳಗೆ ಕರೆಸಿದ್ರು.

"ನೋಡಿ, ನೀವು ಒಳ್ಳೇ ಮನುಷ್ಯ. ನಮ್ಮ ಕಟ್ಟಡದ ಲಿಫ್ಟನ್ನೂ ನೀವೇ ರಿಪೇರಿ ಮಾಡಿದ್ದು. ಆದ್ರೆ ಧ್ಯಾನ ನಿಮಗೆ ಒಗ್ಗಲ್ಲ ಅನ್ಸುತ್ತೆ. ಕೂತ ತಕ್ಷಣ ನೀವು ಎಲ್ಲೋ ಹೋಗಿಬಿಡ್ತೀರಿ."

"ಎಲ್ಲೂ ಹೋಗಲ್ಲ ಸಾರ್. ಒಳಗೇ ಇರ್ತೀನಿ."

"ಒಳಗಿದ್ದು ಏನು ಮಾಡ್ತೀರಿ? ಕೆಲಸ ಇರೋದು ಹೊರಗೆ. ಇನ್ನು ಮೇಲೆ ಗೈರಾದ್ರೆ ಅಂತಿಮ ಪರೀಕ್ಷೆಗೆ ಕೂರಿಸಲ್ಲ."

ಮೆಟ್ಟಿಲ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಬ್ಯೂಟಿ ಪಾರ್ಲರಿನಾಕೆ ಬಂದು ಪಕ್ಕ ಕೂತಳು. ಆಕೆಯೂ ತರಬೇತಿಗೆ ಸೇರಿದ್ಲು. ಪಾರ್ಲರಿಗೆ ಬರೋ ಹೆಂಗಸರಿಗೆ ಹುಬ್ಬು ತೀಡೋ ಜೊತೆಗೆ ಶಾಂತಿಯನ್ನೂ ಕೊಟ್ಟುಬಿಡೋಣ ಅಂತ ಆಕೆಯ ಯೋಜನೆ.

"ಅಣ್ಣಾ, ನಿಮ್ಮ ತಪ್ಪು ಏನು ಗೊತ್ತಾ? ನೀವು ನಿಜವಾಗ್ಲೂ ಧ್ಯಾನ ಮಾಡ್ತೀರಿ."

"ಮತ್ತೆ ಇನ್ನೇನು ಮಾಡಬೇಕಮ್ಮಾ?"

"ಅಯ್ಯೋ, ಅದನ್ನ ಮನೇಲಿ ಮಾಡ್ಕೊಳ್ಳಿ. ಇಲ್ಲಿ ಪಾಸಾಗೋಕೆ ಬಂದಿರೋದು. ಪೂರ್ತಿ ಒಳಗೆ ಹೋಗಬೇಡಿ. ಬಾಗಿಲ ಹತ್ರ, ಚಪ್ಪಲಿ ಬಿಡ್ತೀವಲ್ಲ, ಅಲ್ಲೇ ನಿಂತಿರಿ. ನಾನು ಕಣ್ಣು ಮುಚ್ಚಿ ನಾಳೆ ಯಾರಿಗೆ ಫೇಶಿಯಲ್, ಯಾರಿಗೆ ಬರೀ ಹುಬ್ಬು ಅಂತ ಯೋಚಿಸ್ತಿರ್ತೀನಿ. ಒಂದು ದಿನಾನಾದ್ರೂ ಗೈರಾಗಿದ್ದೀನಾ?"

"ಮನಸ್ಸು ನಿಂತಿದೆ ಅಂತ ಸುಳ್ಳು ಹೇಳ್ತೀಯಲ್ಲಮ್ಮಾ."

"ಸುಳ್ಳು ಯಾಕಾಗುತ್ತೆ? ಪಾರ್ಲರಲ್ಲೇ ನಿಂತಿರುತ್ತಲ್ಲ."

ಮೇಸ್ತ್ರಿ ಮನೆಗೆ ಹೋಗಿ ಅಭ್ಯಾಸ ಶುರು ಮಾಡಿದ. ಇಳಿಯೋದನ್ನ ಇಷ್ಟು ವರ್ಷ ಕಲಿತೋನು ಈಗ ಇಳಿಯದೆ ಇರೋದನ್ನ ಕಲೀಬೇಕು. ಅದು ಹುಡುಗಾಟ ಅಲ್ಲ. ಮಂತ್ರ ನಾಲಿಗೆಗೆ ಬಂದ್ರೆ ಸಾಕು, ಒಳಗಿನ ಲಿಫ್ಟ್ ಜಾರೋದು. ತಡೆಯೋಕೆ ಅಂತ ಕಣ್ಣು ಮುಚ್ಚಿ ಹಳೇ ಲಿಫ್ಟಿನ ಬಾಗಿಲ ಮೋಟಾರು ಬಿಚ್ಚೋನು, ಒಂದೊಂದೇ ಸ್ಕ್ರೂ ಜೋಡಿಸೋನು, ಮತ್ತೆ ಬಿಚ್ಚೋನು. ಅತ್ತೆ ರೇಡಿಯೋ ಜೋರು ಮಾಡಿ ಸಹಾಯ ಮಾಡ್ತು. ಹೆಂಡತಿ ಮಿಕ್ಸಿ ತಿರುಗಿಸ್ತಾ ನಡುವೆ ಕೂಗೋಳು, "ರೀ, ನಿಂತಿದೆಯಾ?" ಇವನು "ನಿಂತಿದೆ ಸಾರ್" ಅನ್ನೋನು. ಮನೆಮಂದಿ ಇಷ್ಟು ಒಗ್ಗಟ್ಟಾಗಿದ್ದದ್ದು ಯಾವತ್ತೂ ಇಲ್ಲ.

ಅಂತಿಮ ಪರೀಕ್ಷೆಯ ದಿನ ನಿರ್ದೇಶಕರೇ ಸೀಟಿ ಊದಿದ್ರು. ಮೇಸ್ತ್ರಿ ಕೂತ. ಇಲ್ಲಿ ಸೋತರೆ ತಾರಸಿ ಜನ್ಮಕ್ಕೆ ಸಿಗಲ್ಲ ಅನ್ನೋದು ಅವನಿಗೆ ಗೊತ್ತಿತ್ತು. ಸುತ್ತ ಗಾಳಿ ತಣ್ಣಗಿತ್ತು, ಟೈರ್ ಅಂಗಡಿಗೆ ಅವತ್ತು ರಜೆ, ಎಂಥಾ ಹಾಳು ನಿಶ್ಶಬ್ದ. ಮಂತ್ರ ತಾನಾಗೇ ಎದ್ದಿತು. ಒಂದು ಅಂತಸ್ತು ಇಳೀತು, ಇನ್ನೊಂದು ಇಳೀತು. ಮೇಸ್ತ್ರಿ ಬ್ರೇಕ್ ಒತ್ತಿದ. ಮೋಟಾರು ಬಿಚ್ಚಿದ, ಸ್ಕ್ರೂ ಎಣಿಸಿದ, ಸ್ಕ್ರೂಗಳೂ ಮಂತ್ರ ಹೇಳೋಕೆ ಶುರು ಮಾಡಿದ್ವು. ಇನ್ನೇನು ಕೈ ಬಿಟ್ಟು ಹೋಯ್ತು ಅನ್ನೋವಾಗ ಭಾವಮೈದನ ನೆನಪಾಯ್ತು. ಆ ಹೈದ ಇನ್ನೂ ಎಷ್ಟು ವರ್ಷ ನಮ್ಮ ಮನೇಲೇ ಇರ್ತಾನೆ ಅನ್ನೋ ಯೋಚನೆ ಬಂದಿದ್ದೇ ತಡ, ಲಿಫ್ಟ್ ಗಕ್ಕನೆ ನಿಂತಿತು. ಮಂತ್ರ ಓಡಿ ಹೋಯ್ತು.

"ಮನಸ್ಸು ನಿಂತಿದೆಯೇ?"

"ನಿಂತಿದೆ ಸಾರ್" ಅಂದ ಮೇಸ್ತ್ರಿ, ಹಲ್ಲು ಕಡೀತಾ.

ನಿರ್ದೇಶಕರ ಕಣ್ಣು ತುಂಬಿ ಬಂತು. "ಈಗ ನೋಡಿ, ಈಗ ನಿಮಗೆ ಧ್ಯಾನ ಹತ್ತಿದೆ" ಅಂದ್ರು.

ಹಳೇ ಕಾವಲುಗಾರ ಮೊದಲ ಸ್ಥಾನ ಪಡೆದ. ಅವನನ್ನ ಎಬ್ಬಿಸಿ ಹಾರ ಹಾಕಿದ್ರು. ಪಾರ್ಲರಿನಾಕೆ ಎರಡನೇ ಸ್ಥಾನ. ಮೇಸ್ತ್ರಿ ಪಾಸು. ಪ್ರಮಾಣಪತ್ರದ ಮೇಲೆ ಕಮಲದ ಚಿತ್ರ ಇತ್ತು, ಕೆಳಗೆ ಸೀಟಿಯ ಮುದ್ರೆ ಇತ್ತು.

ಪ್ರಮಾಣಪತ್ರ ಹಿಡ್ಕೊಂಡು ಮೇಸ್ತ್ರಿ ನೆಟ್ಟಗೆ ಕಾರ್ಯದರ್ಶಿ ಮನೆಗೆ ಹೋದ. ಕಾರ್ಯದರ್ಶಿ ಅದನ್ನ ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ.

"ಸರಿ. ಶಿಕ್ಷಕರು ಯಾರು?"

"ನಾನೇ."

"ಕಣ್ಣು ಮುಚ್ಚಿ ಕೂರೋರು ಯಾರು?"

"ಅದೂ ನಾನೇ."

ಕಾರ್ಯದರ್ಶಿ ನಿಯಮ ಮತ್ತೆ ಓದ್ಕೊಂಡ. ಇಬ್ಬರೂ ಬೇರೆ ಬೇರೆ ಮನುಷ್ಯರಾಗಿರಬೇಕು ಅಂತ ಎಲ್ಲೂ ಇರಲಿಲ್ಲ. "ಅಡ್ಡಿ ಇಲ್ಲ. ಆದ್ರೆ ಶಿಕ್ಷಕರು ಆಗಾಗ ಕೇಳಬೇಕು, ಶಿಷ್ಯ ಉತ್ತರ ಕೊಡಬೇಕು. ಕೆಳಗಿನ ಮನೆಯೋರಿಗೆ ಎರಡೂ ಕೇಳಿಸಬೇಕು. ಇಲ್ಲಾಂದ್ರೆ ಅಜ್ಜಿ ಮತ್ತೆ ಬೆಡ್‌ಶೀಟ್ ತರುತ್ತೆ" ಅಂತ ಬೀಗದ ಕೈ ಬಿಚ್ಚಿ ಕೊಟ್ಟ.

ಮಾರನೇ ಬೆಳಿಗ್ಗೆಯಿಂದ ತಾರಸಿ ಮೇಲೆ ಪಾಠ ಶುರು ಆಯ್ತು. ಮೇಸ್ತ್ರಿ ಟ್ಯಾಂಕಿನ ಹಿಂದೆ ಕಣ್ಣು ಮುಚ್ಚಿ ಕೂರೋನು. ಸ್ವಲ್ಪ ಹೊತ್ತಾದ ಮೇಲೆ ಗಡಸು ದನೀಲಿ "ಮನಸ್ಸು ನಿಂತಿದೆಯೇ" ಅನ್ನೋನು. ಆಮೇಲೆ ಮೆತ್ತಗೆ "ನಿಂತಿದೆ ಸಾರ್" ಅನ್ನೋನು.

"ನಿಮಗೆ ನೀವೇ ಸಾರ್ ಅಂತೀರಲ್ರೀ" ಅಂತ ಹೆಂಡತಿ ನಕ್ಕಳು.

"ಮೇಷ್ಟ್ರಿಗೆ ಮರ್ಯಾದೆ ಕೊಡಬೇಕಲ್ವೇನೇ."

ಕಟ್ಟಡದೋರಿಗೆ ನೆಮ್ಮದಿ ಆಯ್ತು. ಆ ಕೂಗು ಕೇಳಿ ಕೆಲವರು ಹಾಲು ಕಾಯಿಸೋಕೆ ಇಡೋರು. ಹೀಗೇ ದಿನಗಳು ಹೋಗ್ತಿರೋವಾಗ ಒಂದು ಬೆಳಿಗ್ಗೆ ಆಗಬಾರದ್ದು ಆಯ್ತು. ಇನ್ನೂ ಕೇಳೋ ಮುಂಚೇನೇ ಎಲ್ಲೋ ಕೈ ಜಾರಿ, ಮೇಸ್ತ್ರಿ ಎಷ್ಟೋ ದಿನದಿಂದ ಕಾಣದ ನೆಲಮಾಳಿಗೆಗೆ ಇಳಿದುಬಿಟ್ಟ. ಏನೂ ಇಲ್ಲದ ಆ ಜಾಗದಲ್ಲಿ ಏನೂ ಇಲ್ಲದೆ ನಿಂತ. ಕಣ್ಣು ಬಿಟ್ಟಾಗ ಬಿಸಿಲು ಟ್ಯಾಂಕ್ ದಾಟಿತ್ತು, ಮೈ ಹೂವಾಗಿತ್ತು.

ಎರಡು ಉಸಿರು ಖುಷಿಯಾಗಿದ್ದ. ಆಮೇಲೆ ನಿಯತ್ತು ಎದ್ದು ಕೂತಿತು. ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ, ಹಾಗಾದ್ರೆ ತಪ್ಪು ಯಾರದ್ದು? ಮೇಷ್ಟ್ರು ಕೇಳಲಿಲ್ಲವೋ, ಶಿಷ್ಯ ಹೇಳಲಿಲ್ಲವೋ? ಮೇಸ್ತ್ರಿ ತಲೆ ಕೆರೆದ್ಕೊಂಡು ಯೋಚಿಸಿದ. ಮೇಷ್ಟ್ರ ಹತ್ರ ಪ್ರಮಾಣಪತ್ರ ಇದೆ, ಸೀಟಿಯ ಮುದ್ರೆ ಇದೆ. ಅಂಥೋರು ಕೇಳದೆ ಇರ್ತಾರಾ? ತಪ್ಪು ಶಿಷ್ಯನದ್ದೇ. ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಗೈರು ಅಂತ ಬರೆದ.

ಮಾರನೇ ದಿನವೂ ಶಿಷ್ಯ ಜಾರಿದ. ಅದರ ಮಾರನೇ ದಿನವೂ. ಒಮ್ಮೆ ರುಚಿ ಹತ್ತಿದೋನು ಬಿಡ್ತಾನಾ? ಮೇಷ್ಟ್ರು ಮೊದಲು ಬುದ್ಧಿ ಹೇಳಿದ್ರು, ಆಮೇಲೆ ಗದರಿಸಿದ್ರು, ಕೊನೆಗೆ ಲಿಫ್ಟಿನ ಪಕ್ಕ ಪ್ರಕಟಣೆ ಅಂಟಿಸಿದ್ರು.

"ಪದೇ ಪದೇ ಎಚ್ಚರಿಸಿದರೂ ಧ್ಯಾನದ ವೇಳೆಯಲ್ಲಿ ಧ್ಯಾನದಲ್ಲಿ ಮುಳುಗುವ ದುರಭ್ಯಾಸವನ್ನು ಬಿಡದ ಕಾರಣ, ಐದನೇ ಅಂತಸ್ತಿನ ಶಿಷ್ಯನನ್ನು ತಾರಸಿಯಿಂದ ಹೊರಹಾಕಲಾಗಿದೆ."

ಕೆಳಗೆ ಮೇಸ್ತ್ರಿಯದೇ ಸಹಿ. ಸಂಘ ಸಭೆ ಸೇರಿ ಇಂಥ ನಿಷ್ಪಕ್ಷಪಾತ ಶಿಕ್ಷಕರು ಸಿಕ್ಕಿದ್ದು ಕಟ್ಟಡದ ಪುಣ್ಯ ಅಂತ ನಿರ್ಣಯ ಮಾಡ್ತು. ಅಜ್ಜಿ ಈ ಸಲ ಪರವಾಗಿ ಕೈ ಎತ್ತಿತು. ಈಗ ದಿನಾ ಬೆಳಿಗ್ಗೆ ಮೇಷ್ಟ್ರು ಚಾಪೆ ಹಾಸಿ, ಬರೀ ಚಾಪೆಯ ಸುತ್ತ ಕೈ ಹಿಂದೆ ಕಟ್ಕೊಂಡು ತಿರುಗ್ತಾರೆ.

ಗಂಡ ಸೊರಗೋದನ್ನ ನೋಡಲಾರದೆ ಒಂದು ಬೆಳಿಗ್ಗೆ ಹೆಂಡತಿ ತಾರಸಿಗೆ ಬಂದ್ಲು. ಸೆರಗು ಸರಿಮಾಡ್ಕೊಂಡು ದೂರದಲ್ಲೇ ನಿಂತ್ಲು.

"ಮೇಷ್ಟ್ರೇ, ನಮ್ಮನೆಯೋರಿಗೆ ಇನ್ನೊಂದು ಅವಕಾಶ ಕೊಡಿ. ಕೆಟ್ಟೋರಲ್ಲ ಅವರು. ಕಣ್ಣು ಮುಚ್ಚಿದ್ರೆ ಮೈಮರೀತಾರೆ, ಅಷ್ಟೇ."

"ಅದೇ ತೊಂದರೆ ತಾಯಿ. ಇವತ್ತು ಒಬ್ಬನ್ನ ಬಿಟ್ರೆ ನಾಳೆ ಎಲ್ಲರೂ ಮೈಮರೀತಾರೆ."

ಅವಳು ಕೈಮುಗಿದು ಕೆಳಗಿಳಿದು ಬಂದ್ಲು. ಸಂಜೆ ಕೆಲಸ ಮುಗಿಸಿ ಮೇಸ್ತ್ರಿ ಮನೆಗೆ ಬಂದಾಗ ಟೀ ಲೋಟ ಕೈಗೆ ಕೊಡ್ತಾ, "ಕೇಳಿ ನೋಡಿದೆ ಕಣ್ರೀ. ಮೇಷ್ಟ್ರು ಒಪ್ಪಲಿಲ್ಲ" ಅಂದ್ಲು.

"ನಂಗೆ ಗೊತ್ತಿತ್ತು ಬಿಡು" ಅಂತ ಮೇಸ್ತ್ರಿ ಟೀ ಊದ್ಕೊಂಡ. "ಆ ಮನುಷ್ಯ ಯಾರ ಮಾತೂ ಕೇಳಲ್ಲ."